ಪಂಪ್‌ಹೌಸಿನ ಲಕ್ಕಿ ಎಣ್ಣೆ

"ಆ ಅಳತಿ ಟೇಪ್ ಹಿಂದಕ್ಕ ತಗೋರಿ ಸಾಹೇಬ್ರ. ಗೋಡಿಗೆ ಮುಟ್ಟಿಸಿದ್ರ ನಾ ಸುಮ್ನಿರಂಗಿಲ್ಲ."

"ಮುಟ್ಟಿಸ್ತೀನಿ ಕಣಯ್ಯ. ಇದು ಅಸೋಸಿಯೇಷನ್ ಗೋಡೆ. ನಿಮ್ಮ ಮಾವ ಕೊಟ್ಟ ಬಳುವಳಿ ಅಲ್ಲ."

"ಮಾವನ ಸುದ್ದಿ ಯಾಕ ತರ್ತೀರಿ? ಒಳಗ ಅವನ ಮಗಳು ಅದಾಳ."

"ಇದಾಳೆ ಅಂತಲೇ ಹದಿನೈದು ದಿನ ಟೈಮ್ ಕೊಟ್ಟಿರೋದು. ಇಲ್ಲದಿದ್ರೆ ಇವತ್ತೇ ಕೆಡವಿಸ್ತಿದ್ದೆ."

"ನಿಮ್ಮ ಕಾರಿಗೆ ಕರೆಂಟ್ ಕುಡಸಾಕ ನಾ ಎಲ್ಲಿ ಮಲಗ್ಲಿ? ಕಾರಿನ್ಯಾಗ?"

ಮಾತು ಈ ಮಟ್ಟಕ್ಕೆ ಬಂದಾಗ ಸಂಜೆ ಐದೂವರೆ. ಸಿಂಗಸಂದ್ರದ ಆ ಅಪಾರ್ಟ್‌ಮೆಂಟಿನ ಪಂಪ್‌ಹೌಸಿನ ಮುಂದೆ ಒಂದು ಕಡೆ ಮಾಲಿ ಭರಮಪ್ಪ, ಇನ್ನೊಂದು ಕಡೆ ಅಸೋಸಿಯೇಷನ್ನಿನ ಕಾರ್ಯದರ್ಶಿ ಇರಣ್ಣ. ನಡುವೆ ಸ್ಟೀಲಿನ ಟೇಪು. ಅದರ ಒಂದು ತುದಿ ಇರಣ್ಣನವರ ಕೈಯಲ್ಲಿ, ಇನ್ನೊಂದು ತುದಿ ಭರಮಪ್ಪನ ಚಪ್ಪಲಿಯ ಕೆಳಗೆ.

ಕಾರಣ ಸಣ್ಣದಲ್ಲ. ಪಂಪ್‌ಹೌಸಿಗೆ ಅಂಟಿಕೊಂಡ ತಗಡಿನ ಮಾಡಿನ ಕೋಣೆಯಲ್ಲಿ ಭರಮಪ್ಪ ಮತ್ತು ಅವನ ಹೆಂಡತಿ ರುಕ್ಮವ್ವ ಆರು ವರ್ಷದಿಂದ ಇದ್ದರು. ಮೋಟಾರು ಚಾಲೂ ಆದರೆ ಕೋಣೆ ನಡುಗುತ್ತಿತ್ತು. ಕಟ್ಟೆಯ ಮೇಲಿಟ್ಟ ಲೋಟ ತಾನಾಗಿಯೇ ನಡೆದು ಅಂಚಿಗೆ ಬರುತ್ತಿತ್ತು. ಆದರೂ ಹೊಸೂರು ರಸ್ತೆಯ ಆಸುಪಾಸಿನಲ್ಲಿ ಬಾಡಿಗೆ ಇಲ್ಲದೆ ಮಲಗುವ ಜಾಗ ಎಂದರೆ, ಅಲುಗಾಡಿದರೂ ಅದು ಅರಮನೆಯೇ. ರುಕ್ಮವ್ವನಿಗೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಒಂದೇ ಬಸ್ಸು. ಈಗ ಆ ಜಾಗದಲ್ಲಿ ಕರೆಂಟಿನ ಕಾರುಗಳಿಗೆ ಚಾರ್ಜು ಮಾಡುವ ವ್ಯವಸ್ಥೆ ಬರಬೇಕೆಂದು ಅಸೋಸಿಯೇಷನ್ ತೀರ್ಮಾನಿಸಿತ್ತು. ಕೋಣೆ ಹೋದರೆ ಗಂಡ ಹೆಂಡತಿಗೆ ಉಳಿಯುವುದು ಬೊಮ್ಮನಹಳ್ಳಿಯಲ್ಲಿ ರುಕ್ಮವ್ವನ ತಂಗಿ ಶೈಲಾಳ ಮನೆ. ಅದೂ ಒಂದೇ ಕೋಣೆ, ಒಳಗೆ ಆಗಲೇ ಆರು ಜನ. ಅಲ್ಲಿ ಮಲಗಿದವರು ಮಗ್ಗುಲು ಬದಲಿಸಬೇಕಾದರೆ ಎಲ್ಲರೂ ಒಟ್ಟಿಗೇ ಬದಲಿಸಬೇಕು.

ಇರಣ್ಣ ದಾವಣಗೆರೆ ಕಡೆಯವರು, ಎಂಜಿನಿಯರಾಗಿ ನಿವೃತ್ತರಾದವರು. ಅಣೆಕಟ್ಟು ಕಟ್ಟಿಸಿದ ಮನುಷ್ಯ ಮಾಲಿಯ ಚಪ್ಪಲಿಗೆ ಹೆದರುತ್ತಾರೆಯೇ? ಟೇಪನ್ನು ಜೋರಾಗಿ ಜಗ್ಗಿದರು. ಅದೇ ಹೊತ್ತಿಗೆ ಭರಮಪ್ಪ ಕಾಲು ತೆಗೆದ. ಟೇಪು ಹಾವಿನಂತೆ ಸರ್ರನೆ ಬಂದು ಸುತ್ತಿಕೊಂಡಿತು, ಇರಣ್ಣ ಹಿಂದಕ್ಕೆ ವಾಲಿದರು, ಬಲಗಡೆಯ ಮೊಣಕಾಲು ಲಟಕ್ ಎಂದಿತು. ಪಕ್ಕದಲ್ಲಿದ್ದ ಗಿಡವೊಂದನ್ನು ಅಪ್ಪಿಕೊಂಡು "ಶಿವನೇ" ಎಂದರು.

ಭರಮಪ್ಪ ಸಿಟ್ಟಿನ ಮನುಷ್ಯ. ಆದರೆ ಅವನ ಸಿಟ್ಟು ಎದುರಿನವರು ನಿಂತಿರುವ ತನಕ ಮಾತ್ರ. ಎದುರಿನವರು ಕೂತರೆ ಅದೂ ಕೂರುತ್ತದೆ. ಹೂವಿನ ಕುಂಡವೊಂದನ್ನು ಬೋರಲು ಹಾಕಿ ಇರಣ್ಣನವರನ್ನು ಅದರ ಮೇಲೆ ಕೂರಿಸಿದ.

"ಒಂದು ನೋವಿನ ಮಾತ್ರಿ ತಗೋಬಾರದೇನ್ರಿ ಸಾಹೇಬ್ರ?"

"ಮುಟ್ಟಂಗಿಲ್ಲ ಕಣಯ್ಯ. ಕಿಡ್ನಿ ವೀಕು. ನೋವಿನ ಮಾತ್ರೆ ನುಂಗಿದ್ರೆ ನನ್ನ ಹತ್ರ ಬರಲೇಬೇಡಿ ಅಂದಿದಾರೆ ಡಾಕ್ಟ್ರು. ಎರಡು ವರ್ಷ ಆತು, ಹಿಂಗೇ ನರಳ್ತಿದೀನಿ."

"ನಮ್ಮಪ್ಪ ಇದ್ದಿದ್ರ ನೋಡ್ರಿ," ಎಂದ ಭರಮಪ್ಪ. "ನೀವು ಅಪ್ಪಿಕೊಂಡೀರಲ್ಲ, ಅದಾ ಗಿಡ. ಲಕ್ಕಿ. ಅದರ ತಪ್ಪಲ ಹಾಕಿ ಎಣ್ಣಿ ಕಾಸಿ ಮೂರು ದಿನ ಹಚ್ಚಿದ್ರ ನೀವು ಮೆಟ್ಲ ಎರಡೆರಡು ಹತ್ತತಿದ್ರಿ."

"ನಿಂಗೆ ಬರುತ್ತಾ ಅದನ್ನ ಮಾಡಕ್ಕೆ?"

ಬರುವುದಿಲ್ಲ ಎಂಬುದು ಸತ್ಯ. ಭರಮಪ್ಪನ ಅಪ್ಪ ನಿಂಗಪ್ಪ ಕುಷ್ಟಗಿ ಕಡೆಯ ಹತ್ತು ಹಳ್ಳಿಗೆ ಎಲುಬು ಕೂಡಿಸುವವನಾಗಿದ್ದ. ಅವನದೊಂದು ಕಟ್ಟುನಿಟ್ಟು: ತಪ್ಪಲು, ಅಂದರೆ ಎಲೆ, ಕೀಳಲು ಮನೆ ಬಿಟ್ಟವನು ಆ ತಪ್ಪಲು ಎಣ್ಣೆಗೆ ಬೀಳುವ ತನಕ ಬಾಯಿ ಬಿಡಬಾರದು, ಮಾತಾಡಿದರೆ ಗುಣ ಹೋಗುತ್ತದೆ. ಭರಮಪ್ಪನಿಗೋ ಹುಟ್ಟಿದಾಗಿನಿಂದ ಹತ್ತು ಹೆಜ್ಜೆ ಬಾಯಿ ಮುಚ್ಚಿ ನಡೆದು ಗೊತ್ತಿಲ್ಲ. ನಿಂಗಪ್ಪ ಮಗನನ್ನು ಎರಡು ಸಲ ಕರೆದುಕೊಂಡು ಹೋಗಿ, ಎರಡು ಸಲವೂ ಕಿತ್ತ ತಪ್ಪಲನ್ನು ಎಮ್ಮೆಗೆ ಹಾಕಿ, ಕೈಬಿಟ್ಟ. ವಿದ್ಯೆ ಅವನ ಜೊತೆಗೇ ಮಣ್ಣಿಗೆ ಹೋಯಿತು.

ಆದರೆ ಇರಣ್ಣನವರ ಟೇಪು ಜೇಬಿಗೆ ಹೋದದ್ದನ್ನು ಭರಮಪ್ಪ ಕಣ್ಣಾರೆ ನೋಡಿದ್ದ.

"ಬರದ ಏನ್ರೀ ಸಾಹೇಬ್ರ," ಎಂದ. "ನಮ್ಮ ಮನಿತನದ್ದು ಅದು."

ಕೋಣೆಯೊಳಗೆ ಪಾತ್ರೆ ಬಿದ್ದ ಸದ್ದಾಯಿತು.

ಇರಣ್ಣ ಕುಂಟುತ್ತ ಹೋದ ಮೇಲೆ ರುಕ್ಮವ್ವ ಹೊರಗೆ ಬಂದಳು. "ಯಾವ ಮನಿತನರೀ? ಶೀತ ಆದ್ರ ಮೆಡಿಕಲ್ ಶಾಪಿಗೆ ಓಡೋ ಮನಿತನ ನಿಮ್ಮದು."

"ಕೋಣಿ ಉಳೀಬೇಕೋ ಬ್ಯಾಡೋ?"

"ಉಳೀಬೇಕು."

"ಹಂಗಾರ ಸುಮ್ನಿರು."

ಮರುದಿನ ಬೆಳಗಿನ ಆರು ಗಂಟೆಗೆ ಭರಮಪ್ಪ ಬಾಯಿ ಮುಚ್ಚಿಕೊಂಡು ಮನೆ ಬಿಟ್ಟ. ಅಪ್ಪನ ಉಳಿದ ವಿದ್ಯೆ ಬರದಿದ್ದರೂ ಸುಮ್ಮನಿರುವ ಭಾಗವನ್ನಾದರೂ ಸರಿಯಾಗಿ ಮಾಡೋಣ ಎಂದು ತೀರ್ಮಾನಿಸಿದ್ದ. ಒಳ್ಳೆಯ ಲಕ್ಕಿ ಗಿಡಗಳಿದ್ದದ್ದು ಹಿಂದಿನ ಕಾಂಪೌಂಡಿನ ಹತ್ತಿರ. ಅಲ್ಲಿ ಹೌಸ್‌ಕೀಪಿಂಗಿನ ಚಿಕ್ಕಮುನಿಯಮ್ಮ ಕಸ ಗುಡಿಸುತ್ತಿದ್ದಳು. ಭರಮಪ್ಪ ದಿನಾ ಬೆಳಗ್ಗೆ ಅವಳ ಜೊತೆ ನೀರಿನಿಂದ ಹಿಡಿದು ರಾಜಕೀಯದ ತನಕ ಅರ್ಧ ಗಂಟೆ ಮಾತಾಡುವವನು.

"ಏನಣ್ಣೋ, ಇವತ್ತು ಬೇಗ ಎದ್ದಿದೀಯ?"

ಭರಮಪ್ಪ ಮಾತಾಡಲಿಲ್ಲ.

"ಅಕ್ಕ ಬೈದ್ಳಾ?"

ಭರಮಪ್ಪ ಎಲೆ ಕಿತ್ತ.

ಚಿಕ್ಕಮುನಿಯಮ್ಮ ಹತ್ತಿರ ಬಂದು ಅವನ ಮುಖವನ್ನು ಕೆಳಗಿನಿಂದ ನೋಡಿದಳು. ಅವನು ತುಟಿ ಬಿಗಿಹಿಡಿದಿದ್ದ. ಮಾತು ಒಳಗೆ ಒತ್ತಿ ಒತ್ತಿ ಒಂದು ಕೆನ್ನೆ ಉಬ್ಬಿತ್ತು. ಅವಳು ಪೊರಕೆ ಅಲ್ಲಿಯೇ ಬಿಟ್ಟು ಗೇಟಿನ ಕಡೆ ಓಡಿದಳು. "ಬನ್ರಪ್ಪೋ, ಭರಮಣ್ಣಂಗೆ ಲಕ್ವ ಒಡೆದೈತೆ. ಬಾಯಿ ಒಂದ್ಕಡೆ ಓಗೈತೆ."

ಎರಡು ನಿಮಿಷದಲ್ಲಿ ಸೆಕ್ಯುರಿಟಿಯವರು, ನಡೆಯಲು ಬಂದ ನಾಲ್ಕು ಹಿರಿಯರು ಮತ್ತು ಓಡಲು ಬಂದಿದ್ದ ವೀರೇಶ್ ಎಂಬ ಸಾಫ್ಟ್‌ವೇರ್ ಹುಡುಗ ಸುತ್ತ ನೆರೆದರು. ವೀರೇಶನಿಗೆ ಆಫೀಸಿನಲ್ಲಿ ಲಕ್ವದ ಬಗ್ಗೆ ತರಬೇತಿ ಆಗಿತ್ತಂತೆ. ತರಬೇತಿ ಪಡೆದ ಮನುಷ್ಯನಿಗೆ ರೋಗಿ ಸಿಗುವುದೇ ಅಪರೂಪ.

"ಎಲ್ರೂ ಸ್ವಲ್ಪ ಜಾಗ ಬಿಡಿ. ಅಣ್ಣ, ಒಂದ್ಸಲ ನಗಿ."

ಭರಮಪ್ಪ ಅವನನ್ನು ದುರುಗುಟ್ಟಿ ನೋಡಿದ.

"ನಗಕ್ಕಾಗ್ತಿಲ್ಲ. ನೋಟ್ ಮಾಡ್ಕೊಳ್ಳಿ. ಅಣ್ಣ, ಎರಡೂ ಕೈ ಮೇಲೆತ್ತಿ."

ಭರಮಪ್ಪನ ಬೊಗಸೆ ತುಂಬ ಎಲೆ. ಕೈ ಎತ್ತಿದರೆ ಚೆಲ್ಲುತ್ತದೆ. ಎತ್ತಲಿಲ್ಲ.

"ಕೈಯೂ ಹೋಗಿದೆ. ಅಣ್ಣ, ನಿಮ್ಮ ಹೆಸರು ಹೇಳಿ. ಹೇಳಕ್ಕಾಗ್ತಿಲ್ಲ. ಕನ್ಫರ್ಮ್. ಆಂಬುಲೆನ್ಸ್ ಕರೀರಿ."

ಭರಮಪ್ಪ ಗುಂಪನ್ನು ಸೀಳಿಕೊಂಡು ಕೋಣೆಯ ಕಡೆ ನಡೆದ. ಗುಂಪು ಹಿಂದೆ ಬಂತು. ಕೋಣೆಯ ಮುಂದೆ ಒಲೆಯ ಮೇಲೆ ರುಕ್ಮವ್ವ ಎಳ್ಳೆಣ್ಣೆ ಕಾಯಿಸುತ್ತಿದ್ದಳು. ಎಲೆ ಎಣ್ಣೆಗೆ ಚೊಂಯ್ ಎಂದು ಬಿದ್ದ ಮರುಕ್ಷಣ ಭರಮಪ್ಪ ತಿರುಗಿ ನಿಂತು ಬಾಯಿ ಬಿಟ್ಟ. ವೀರೇಶನಿಂದ ಆರಂಭಿಸಿ, ಅವನ ಆಫೀಸು, ತರಬೇತಿ ಕೊಟ್ಟವರು, ಚಿಕ್ಕಮುನಿಯಮ್ಮನ ಪೊರಕೆ, ಒಬ್ಬರನ್ನೂ ಬಿಡದೆ ಐದು ನಿಮಿಷ ಬೈದ. ಲಕ್ವ ಹೊಡೆದ ಯಾವ ಮನುಷ್ಯನೂ ಇಷ್ಟು ಸ್ಪಷ್ಟವಾಗಿ ಬೈದ ದಾಖಲೆ ಇರಲಾರದು. ಆಂಬುಲೆನ್ಸಿನವರು ಬಂದದ್ದಕ್ಕೆ ಸುಮ್ಮನೆ ಹೋಗಬಾರದೆಂದು ಅವನ ಬಿಪಿ ನೋಡಿ, ಉಪ್ಪು ಕಡಿಮೆ ತಿನ್ನಲು ಹೇಳಿ ಹೋದರು.

ಈ ಅವಮಾನವೇ ಭರಮಪ್ಪನ ಕೀರ್ತಿಗೆ ಮೊದಲ ಮೆಟ್ಟಿಲಾಯಿತು. ಆಂಬುಲೆನ್ಸ್ ಬಂದರೂ ಔಷಧಿಗಾಗಿ ಮೌನ ಮುರಿಯದ ಮನುಷ್ಯ ಎಂದು ಹತ್ತು ಗಂಟೆಯೊಳಗೆ ಮೂರೂ ಬ್ಲಾಕಿನ ವಾಟ್ಸಾಪಿನಲ್ಲಿ ಸುದ್ದಿ ಹರಡಿತು.

ಸಂಜೆ ರುಕ್ಮವ್ವ ಕೆಲಸದಿಂದ ಬಂದಾಗ ಎಣ್ಣೆ ತಣಿದಿತ್ತು. ಹೊಲಿಗೆ ಮೆಷಿನ್ನಿನ ಮುಂದೆ ಬಾಗಿ ಬಾಗಿ ಅವಳ ಹೆಗಲು ಮೂರು ವರ್ಷದಿಂದ ಹಿಡಿದುಕೊಂಡಿತ್ತು. ಇಎಸ್ಐ ಆಸ್ಪತ್ರೆಯಲ್ಲಿ ಪ್ರತಿ ಸಲ ಕೊಟ್ಟ ಮುಲಾಮಿನ ಟ್ಯೂಬುಗಳು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇರುತ್ತಿದ್ದವು. ಭರಮಪ್ಪ ಅವಳನ್ನು ಕೂರಿಸಿ, ಹೆಗಲಿಗೆ ಎಣ್ಣೆ ಹಚ್ಚಿ, ಅಪ್ಪ ತಿಕ್ಕುತ್ತಿದ್ದಂತೆ ಮೇಲಿನಿಂದ ಕೆಳಗೆ ತಿಕ್ಕಿದ. ಕಾಲು ಗಂಟೆ ಆದ ಮೇಲೆ ಮುಂದೆ ಬಂದು ಕುಕ್ಕರಗಾಲಿನಲ್ಲಿ ಕೂತು ಕೇಳಿದ:

"ಇಳೀತೇನು?"

ರುಕ್ಮವ್ವ ಅವನ ಮುಖ ನೋಡಿದಳು. "ಇಳೀತ್ರಿ," ಎಂದಳು.

"ಪೂರಾ?"

"ಪೂರಾ. ಬಾಟ್ಲಿಗೆ ನಾ ತುಂಬ್ತೇನಿ. ನೀವು ಹೋಗಿ ಮೋಟಾರ್ ಬಂದ್ ಮಾಡ್ರಿ, ಟ್ಯಾಂಕ್ ತುಂಬಿ ಹರ್ಯಾಕತ್ತೈತಿ."

ಎಣ್ಣೆ ಹಚ್ಚಿದ ಮೂರನೆಯ ದಿನ ಇರಣ್ಣ ಕಂಬಿ ಹಿಡಿಯದೆ ಮೆಟ್ಟಿಲು ಇಳಿದು ಬಂದರು. ನಾಲ್ಕನೆಯ ದಿನ ಅವರ ಹೆಂಡತಿ ಚನ್ನಬಸಮ್ಮ ಬಂದರು. "ನನ್ನ ಭುಜಕ್ಕೂ ಒಂಚೂರು ಕೊಡಪ್ಪ ಭರಮಪ್ಪ. ಇವರೊಬ್ಬರೇ ಕುಣಿದಾಡಿದ್ರೆ ನಾನು ಸುಮ್ನೆ ನೋಡ್ಲಾ?" ಐದನೆಯ ದಿನ ವೀರೇಶ್ ಕುತ್ತಿಗೆ ಓರೆ ಮಾಡಿಕೊಂಡು ಬಂದ. ಅವನಿಗೆ ಕೊಡಬಾರದೆಂದೇ ಭರಮಪ್ಪನ ಮನಸ್ಸಿನಲ್ಲಿತ್ತು. ಆದರೆ ಎದುರಿಗೆ ಕೂತುಬಿಟ್ಟ, ಸಿಟ್ಟೂ ಕೂತಿತು. ಮರುದಿನ ವೀರೇಶ್, "ಅಣ್ಣ, ಸಕ್ಕತ್ ರಿಲೀಫು. ನನ್ನ ಟೀಮಲ್ಲಿ ಹನ್ನೊಂದು ಕುತ್ತಿಗೆ ಇದೆ," ಎಂದು ಹನ್ನೊಂದು ಬಾಟಲಿ ಕೇಳಿದ.

ಪಂಪ್‌ಹೌಸಿನ ಮುಂದೆ ಸಂಜೆಯಾದರೆ ಸರದಿ ಸಾಲು ಶುರುವಾಯಿತು. ಭರಮಪ್ಪ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಬಂದವರಿಗೆ ಪಥ್ಯ ಹೇಳತೊಡಗಿದ. ಪಥ್ಯವೊಂದೂ ಅವನಿಗೆ ಗೊತ್ತಿರಲಿಲ್ಲ, ಹಾಗಾಗಿ ಆ ಹೊತ್ತಿಗೆ ತೋಚಿದ್ದನ್ನು ಹೇಳಿದ. ಬಿ ಬ್ಲಾಕಿನ ಒಂದಿಡೀ ಮಹಡಿ ಬದನೆಕಾಯಿ ತಿನ್ನುವುದನ್ನೇ ಬಿಟ್ಟಿತು.

ಒಳಗೆ ಮಾತ್ರ ಅವನಿಗೆ ಒಂದು ಚಿಂತೆ ಇತ್ತು. ಇರಣ್ಣನವರ ನೋವು ವಾಸಿಯಾಗದಿದ್ದರೆ ಕೋಣೆ ಹೋಗುತ್ತದೆ. ಪೂರಾ ವಾಸಿಯಾದರೆ ಇವನಿಂದ ಇನ್ನೇನು ಎಂದು ಆಗಲೂ ಹೋಗುತ್ತದೆ. ಆದ್ದರಿಂದ ಆ ಮೊಣಕಾಲು ಸ್ವಲ್ಪ ಮಾತ್ರ ನೋಯುತ್ತಿರಲಿ ಎಂದು ದಿನಾ ದೀಪ ಹಚ್ಚುವಾಗ ಬೇಡಿಕೊಳ್ಳುತ್ತಿದ್ದ. ದೇವರು ಇಷ್ಟು ನಾಜೂಕಿನ ಕೋರಿಕೆಯನ್ನು ಕೇಳಿರಲಿಕ್ಕಿಲ್ಲ. ಇರಣ್ಣನವರೇ ಅದನ್ನು ಬಗೆಹರಿಸಿದರು. "ಈ ಭಾನುವಾರ ಮೀಟಿಂಗ್ ಐತೆ. ಪಂಪ್‌ಹೌಸಿನ ಸುತ್ತ ಔಷಧಿ ವನ ಮಾಡೋದು, ನಿನ್ನ ಕೋಣೆ ಹಂಗೇ ಉಳಿಸೋದು ಅಂತ ನಿರ್ಣಯ ತರ್ತೀನಿ. ಕಾರು ಬೇಕಾದ್ರೆ ಬೆಸ್ಕಾಂ ಕಂಬದ ಹತ್ರ ನಿಂತ್ಕಳ್ಲಿ."

ಭರಮಪ್ಪ ಅಂದು ಊಟ ಮಾಡುವಾಗ ಎರಡು ರೊಟ್ಟಿ ಹೆಚ್ಚು ತಿಂದ. ರುಕ್ಮವ್ವ ಒಂದು ಕಡಿಮೆ ತಿಂದಳು.

ಗುರುವಾರ ಇರಣ್ಣನವರ ಸೊಸೆ ನಿವೇದಿತಾ ಬಂದಳು. ಎಲೆಕ್ಟ್ರಾನಿಕ್ ಸಿಟಿಯ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಅವಳ ಕೆಲಸ. ನಾಟಿ ಔಷಧಿಯ ಗಿಡಗಳಲ್ಲಿ ನೋವು ಇಳಿಸುವ ಅಂಶ ಯಾವುದು ಎಂದು ಬೇರೆ ಮಾಡಿ ನೋಡುವುದೇ ಅವಳ ವಿಭಾಗ. ಉಳಿದವರಂತೆ ಹೊಗಳಲಿಲ್ಲ, ನಗಲೂ ಇಲ್ಲ. ನೋಟ್‌ಬುಕ್ ತೆಗೆದು ಕುಂಡದ ಮೇಲೆ ಕೂತಳು.

"ಭರಮಣ್ಣ, ನೀವು ಕೀಳೋದು ಮೂರೆಲೆದೋ ಐದೆಲೆದೋ?"

"ಅದು... ವಾರದ ಮ್ಯಾಲ ಹೋಗ್ತೈತಿ ಮೇಡಂ."

"ಎಷ್ಟು ಹೊತ್ತು ಕುದಿಸ್ತೀರ?"

"ಬಾಯಿ ಸುಮ್ಮನಿರೋವಷ್ಟು."

ಅವಳು ಅದನ್ನೂ ಬರೆದುಕೊಂಡಳು. "ಲಕ್ಕೀನ ನಾವೂ ನೋಡಿದೀವಿ. ಸ್ವಲ್ಪ ಗುಣ ಇದೆ, ನಿಧಾನಕ್ಕೆ. ನಿಮ್ಮ ಎಣ್ಣೆ ಇಷ್ಟು ಬೇಗ ಹೇಗೆ ಕೆಲಸ ಮಾಡುತ್ತೆ ಅಂತ ಅರ್ಥ ಆಗ್ತಿಲ್ಲ. ಒಂದು ಬಾಟಲಿ ಕೊಡಿ, ಪರೀಕ್ಷೆ ಮಾಡ್ತೀನಿ. ಏನಾದ್ರೂ ಹೊಸದು ಸಿಕ್ಕರೆ, ಇದು ಇವರ ವಿದ್ಯೆ ಅಂತ ನಿಮ್ಮ ತಂದೆ ಹೆಸರು ಬರೀಲೇಬೇಕು. ಬರೆಸ್ತೀನಿ."

ಅಪ್ಪನ ಹೆಸರು ಲ್ಯಾಬಿನಲ್ಲಿ. ಎಮ್ಮೆಗೆ ತಪ್ಪಲು ಹಾಕುತ್ತ ತನ್ನ ಕಡೆ ತಿರುಗಿಯೂ ನೋಡದೆ ನಿಂತಿದ್ದ ಅಪ್ಪ. ಭರಮಪ್ಪ ಬಾಟಲಿ ತರಲು ಎದ್ದ. ಒಳಗೆ ಹೋದರೆ ರುಕ್ಮವ್ವ ಬಾಟಲಿಗಳಿಗೆ ಅಡ್ಡ ನಿಂತಿದ್ದಳು.

"ಆಕಿಗೆ ಕೊಡಬ್ಯಾಡ್ರಿ."

"ಯಾಕ?"

"ಬ್ಯಾಡ ಅಂದ್ರ ಬ್ಯಾಡ. ಹೊರಗಿನ ಹೊಲಸು ಗಿಡ, ಪರೀಕ್ಷೆದಾಗ ಏನರ ಬಂದೀತು."

"ನಮ್ಮಪ್ಪನ ಹೆಸರು ಬರೀತಾರಂತ, ನಿಂಗ ಹೊಟ್ಟಿಕಿಚ್ಚು," ಎಂದು ಭರಮಪ್ಪ ಅವಳ ತೋಳಿನ ಕೆಳಗಿನಿಂದ ಒಂದು ಬಾಟಲಿ ಎಳೆದುಕೊಂಡು ಹೋಗಿ ಕೊಟ್ಟ.

ಭಾನುವಾರ ಕ್ಲಬ್‌ಹೌಸಿನಲ್ಲಿ ಎಂದೂ ಕಾಣದಷ್ಟು ಜನ. ಭರಮಪ್ಪನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ರುಕ್ಮವ್ವ ಬಾಗಿಲ ಹತ್ತಿರ ಚಿಕ್ಕಮುನಿಯಮ್ಮನ ಪಕ್ಕ ನಿಂತಿದ್ದಳು. ಇರಣ್ಣ ನಿರ್ಣಯ ಓದಿದರು. ಕೈ ಎತ್ತಿ ಎನ್ನುವಷ್ಟರಲ್ಲಿ ನಿವೇದಿತಾ ಎದ್ದಳು.

"ಮಾವ, ಒಂದ್ನಿಮಿಷ. ರಿಪೋರ್ಟ್ ಬಂದಿದೆ. ಎಲೆಯಲ್ಲಿರೋದು ನಮಗೆ ಗೊತ್ತಿದ್ದದ್ದೇ. ಆದರೆ ಎಣ್ಣೆಯಲ್ಲಿ ಡೈಕ್ಲೋಫೆನಾಕ್ ಇದೆ. ಮೆಡಿಕಲ್ ಶಾಪಿನ ನೋವಿನ ಟ್ಯೂಬಲ್ಲಿ ಇರುತ್ತಲ್ಲ, ಅದೇ."

ಇರಣ್ಣ ನಿಧಾನವಾಗಿ ಕನ್ನಡಕ ತೆಗೆದರು.

"ಕೇಳಿದ್ರಾ ಎಲ್ಲರೂ? ನಮ್ಮ ಪಂಪ್‌ಹೌಸಿನ ಗಿಡದಲ್ಲಿರೋದನ್ನ ಕದ್ದು, ಟ್ಯೂಬಿಗೆ ತುಂಬಿ, ನಮಗೇ ಮಾರ್ತಾ ಇದಾರೆ."

"ಮಾವ, ಅದು ಗಿಡದಲ್ಲಿ ಹುಟ್ಟಲ್ಲ. ಫ್ಯಾಕ್ಟರೀಲಿ ಮಾಡೋದು."

"ಫ್ಯಾಕ್ಟರಿಯವರಿಗೆ ಯಾರು ಹೇಳ್ಕೊಟ್ರು? ಇವರಪ್ಪ."

ಚಪ್ಪಾಳೆ ಬಿತ್ತು. "ಮಂತ್ರಿಗಳಿಗೆ ಬರೀರಿ," ಎಂದರು ಚನ್ನಬಸಮ್ಮ. "ವಿಡಿಯೊ ಮಾಡ್ಬೇಕು ಅಂಕಲ್," ಎಂದ ವೀರೇಶ್.

"ಟ್ಯೂಬಲ್ಲಿ ಹಾಕೋ ಮೇಣ ಕೂಡ ಎಣ್ಣೆಯಲ್ಲಿದೆ," ಎಂದಳು ನಿವೇದಿತಾ. ಅವಳ ದನಿ ಏರಿತ್ತು.

"ಗಿಡ ಅಂದಮೇಲೆ ಮೇಣ ಇರಲ್ವೇನಮ್ಮ? ಹಲಸಿನ ಹಣ್ಣಲ್ಲಿ ಇಲ್ವಾ?"

"ಮಾವ, ತಮಾಷೆ ಅಲ್ಲ. ನಿಮ್ಮ ಕಿಡ್ನಿಗೆ ಡಾಕ್ಟರ್ ಬೇಡ ಅಂದಿದ್ದು ಇದನ್ನೇ. ದಿನಕ್ಕೆ ಮೂರು ಸಲ ಮೆತ್ಕೊಳ್ತಿದೀರ. ಚರ್ಮದಿಂದಲೂ ಒಳಗೆ ಹೋಗುತ್ತೆ."

"ಡಾಕ್ಟರ್ ಬೇಡ ಅಂದಿದ್ದು ಮಾತ್ರೆ. ಇದು ಎಲೆ."

ಆಗ ಬಾಗಿಲ ಹತ್ತಿರದಿಂದ ರುಕ್ಮವ್ವ ಸೆರಗು ಬಿಗಿದುಕೊಂಡು ನಡುವಿಗೆ ಬಂದಳು. ಭರಮಪ್ಪನಿಗೆ ಆ ನಡಿಗೆ ಗೊತ್ತಿತ್ತು. ಅವಳು ಅಳುವುದಕ್ಕಾಗಲೀ ಹೊಡೆಯುವುದಕ್ಕಾಗಲೀ ಹೊರಟಾಗ ಹೀಗೆಯೇ ಬರುತ್ತಾಳೆ.

"ಅದು ಎಲಿ ಅಲ್ರೀ ಯಪ್ಪಾ. ಟ್ಯೂಬ್ ಹಾಕಿದಾಕಿ ನಾನು. ಇಎಸ್ಐದಾಗ ನಂಗ ಕೊಟ್ಟಿದ್ದು. ಸಾಲದ್ದಕ್ಕ ಫ್ಯಾಕ್ಟರಿ ಗೆಳತ್ಯಾರ ಹಂತ್ಯಾಕ ಇಸಗೊಂಡಿದ್ದು. ಬೆಚ್ಚಗಿನ ಎಣ್ಣಿಗೆ ಹಿಂಡಿ ಹಿಂಡಿ ಕಲಸೀನಿ. ಮ್ಯಾಲ ಹಚ್ಚಿದ್ದೂ ನಿಮ್ಮ ಕಿಡ್ನಿಗೆ ಮುಟ್ತೈತಿ ಅಂತ ನಂಗ ಗೊತ್ತಿರಲಿಲ್ಲ. ಗೊತ್ತಿದ್ರ ನನ್ನ ಕೈ ಕಡದ್ರೂ ಹಾಕತಿರಲಿಲ್ಲ."

ಭರಮಪ್ಪ ಕುರ್ಚಿಯಲ್ಲೇ ಅವಳ ಕಡೆ ತಿರುಗಿದ. ರುಕ್ಮವ್ವ ಈಗ ಅವನೊಬ್ಬನನ್ನೇ ನೋಡುತ್ತಿದ್ದಳು.

"ಆವತ್ತು ನನ್ನ ಹೆಗಲಿಗೆ ತಿಕ್ಕಿ, ಎದುರಿಗೆ ಕುಂತು, ಇಳೀತೇನು ಅಂತ ಕೇಳಿದ್ರಿ. ಇಳಿದಿರಲಿಲ್ಲ. ನಿಮ್ಮ ಮಾರಿ ನೋಡಿ ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ಇಳೀತು ಅಂದ ಮ್ಯಾಲ ಇಳಿಸಬೇಕಾತಲ್ಲ."

ಸತ್ಯಕ್ಕೆ ಸಾವಿಲ್ಲ ಎನ್ನುತ್ತಾರೆ. ಆದರೆ ಸಭೆಯಲ್ಲಿ ಅದಕ್ಕೆ ಕುರ್ಚಿಯೂ ಇರುವುದಿಲ್ಲ. ಇರಣ್ಣ ಕಣ್ಣೊರೆಸಿಕೊಂಡು ಎದ್ದರು.

"ನೋಡಿದ್ರಾ ಈ ತಾಯೀನ? ಮನೆತನದ ಗುಟ್ಟು ಕಂಪನಿ ಪಾಲಾಗಬಾರದು ಅಂತ ಕಳಂಕನ ತನ್ನ ಮೇಲೇ ಹಾಕ್ಕೊಂಡ್ಳು."

ಮೊದಲಿಗಿಂತ ಜೋರಾದ ಚಪ್ಪಾಳೆ. "ಖಾಲಿ ಟ್ಯೂಬ್ ಒಂದು ಡಬ್ಬಿ ಅದಾವ್ರಿ, ತರ್ಲೇನು?" ಎಂದು ರುಕ್ಮವ್ವ ಕೇಳಿದರೆ, ಚನ್ನಬಸಮ್ಮ ಅವಳ ತಲೆ ಸವರಿ, "ಕೂತ್ಕೋಮ್ಮ, ಪಾಪ ಸುಸ್ತಾಗಿದೀಯ," ಎಂದರು. ನಿವೇದಿತಾ ಒಬ್ಬಳೇ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಕೂತಿದ್ದಳು.

ಇರಣ್ಣ ಭರಮಪ್ಪನ ಹತ್ತಿರ ಬಂದು ಭುಜದ ಮೇಲೆ ಕೈ ಇಟ್ಟರು. "ಸೊಸೆ ಬಾಯಿ ಮುಚ್ಚಿಸ್ಬೇಕು, ಅಷ್ಟೇ. ನಿನ್ನ ಹೆಂಡ್ತಿ ಹೇಳಿದ್ದು ಸುಳ್ಳು ಅಂತ ಎಲ್ಲರ ಮುಂದೆ ಒಂದು ಮಾತು ಹೇಳ್ಬಿಡು. ಇಲ್ಲೇ ಪಾಸ್ ಮಾಡ್ತೀನಿ. ನೀನು ಬದುಕಿರೋ ತನಕ ಆ ಕೋಣೆ ನಿಂದು."

ಸುತ್ತ ಕೈಗಳು ಆಗಲೇ ಮೇಲೆದ್ದಿದ್ದವು. ಮೂರು ವರ್ಷದಿಂದ ಭುಜ ಎತ್ತಲಾರದಿದ್ದ ಚನ್ನಬಸಮ್ಮನವರ ಕೈಯೂ ಎದ್ದಿತ್ತು. ಭರಮಪ್ಪ ಆ ಕೈಗಳನ್ನು ನೋಡಿದ. ರುಕ್ಮವ್ವನನ್ನು ನೋಡಿದ. ಅವಳು ತಲೆ ತಗ್ಗಿಸಿ, ಹೇಳಿಬಿಡ್ರಿ ಎನ್ನುವಂತೆ ಕಣ್ಣು ಮುಚ್ಚಿದಳು.

ಭರಮಪ್ಪ ಎದ್ದ.

"ಆರು ವರ್ಷದಾಗ ಆಕಿ ನನ್ನ ಮುಂದ ಒಂದಾ ಸುಳ್ಳು ಹೇಳ್ಯಾಳ್ರಿ ಸಾಹೇಬ್ರ. ಇಳೀತು ಅಂದದ್ದು. ಅದು ನನ್ನ ಸಲುವಾಗಿ. ಎರಡನೇದ್ದು ನಿಮ್ಮ ಕೋಣಿ ಸಲುವಾಗಿ ಆಕಿ ಮ್ಯಾಲ ನಾ ಹೊರಸಂಗಿಲ್ಲ. ನಂಗ ಎಣ್ಣಿ ಕಾಸಾಕ ಬರಂಗಿಲ್ಲ. ನಮ್ಮಪ್ಪಗ ಬರ್ತಿತ್ತು, ನಂಗ ಕಲಿಸಲಿಲ್ಲ. ಮನ್ಯಾಗಿನ ಬಾಟ್ಲಿ ಚೆಲ್ರಿ. ಸೊಸಿ ಮಾತು ಕೇಳ್ರಿ."

ಇಷ್ಟು ಹೇಳಿ, ರುಕ್ಮವ್ವನ ಕೈ ಹಿಡಿದುಕೊಂಡು ಹೊರಗೆ ನಡೆದ.

"ಕೋಪ ಜಾಸ್ತಿ ಅವನಿಗೆ," ಎಂದು ಇರಣ್ಣ ಹೇಳುವುದು ಕೇಳಿಸಿತು. "ನೀರು ಕುಡಿದು ಬರ್ತಾನೆ. ಯಾರೂ ಕೈ ಇಳಿಸ್ಬೇಡಿ."

ಕೋಣೆಯಲ್ಲಿ ಕಟ್ಟುವಂಥದ್ದು ಬಹಳ ಇರಲಿಲ್ಲ. ಒಂದು ಟ್ರಂಕು, ಹಾಸಿಗೆಯ ಸುರುಳಿ, ಒಲೆ, ನಾಲ್ಕು ಪಾತ್ರೆ. ಉಳಿದ ಎಣ್ಣೆಯನ್ನು ಭರಮಪ್ಪ ಮೋರಿಗೆ ಸುರಿದ. ಇಬ್ಬರೂ ಗೇಟು ದಾಟಿ ಹೊಸೂರು ರಸ್ತೆಗೆ ಬಂದರು. ಬಸ್ ಸ್ಟಾಪಿನಲ್ಲಿ ಟ್ರಂಕು ಇಳಿಸಿದಾಗ ರುಕ್ಮವ್ವ ಕೇಳಿದಳು:

"ಸಿಟ್ಟು ಬಂದೈತೇನ್ರಿ ನನ್ನ ಮ್ಯಾಲ?"

"ಬಂದೈತಿ. ಬಸ್ಸಿನ್ಯಾಗ ಕುಂತ ಮ್ಯಾಲ ಬೈತೇನಿ."

ಬೊಮ್ಮನಹಳ್ಳಿಯ ಬಸ್ಸು ಬಂತು. ಕೂರಲು ಒಂದೇ ಸೀಟು ಇತ್ತು. ರುಕ್ಮವ್ವನನ್ನು ಕೂರಿಸಿ ಭರಮಪ್ಪ ನಿಂತ. ನಿರ್ಣಯ ಸರ್ವಾನುಮತದಿಂದ ಪಾಸಾದದ್ದು, ಕೋಣೆ ಉಳಿದದ್ದು ಅವನಿಗೆ ಆಮೇಲೆ ಫೋನಿನಲ್ಲಿ ತಿಳಿಯಿತು. ಚಿಕ್ಕಮುನಿಯಮ್ಮ ಮೂರು ಸಲ ಕರೆದಳು, ನಿವೇದಿತಾ ಒಂದು ಸಲ ಕರೆದಳು. ಹೆಂಡತಿಯನ್ನು ಸುಳ್ಳಿಯಾಗಿಸಿ ಉಳಿದ ಕೋಣೆಗಾಗಿ ಭರಮಪ್ಪ ಆ ಗೇಟಿನೊಳಗೆ ಮತ್ತೆ ಕಾಲಿಡಲಿಲ್ಲ.